ಊರ ದನದ ಹಾಲು ಕಡಿಮೆ, ಆದರೆ ದಪ್ಪ: ಏಕೆ?



ಹಿಂದೆ ನಮ್ಮ ಹಟ್ಟಿಗಳಲ್ಲಿ ಇದ್ದುದು ಊರ ದನ, ಅಂದರೆ ಕಾಸರಗೋಡು ಗಿಡ್ಡ. ಈಗ ಹೆಚ್ಚಿನವರಲ್ಲಿ ಇರುವುದು ಜರ್ಸಿ ಅಥವಾ ಎಚ್.ಎಫ್. ಮಿಶ್ರತಳಿ. "ಒಂದೆರಡು ಲೀಟರ್ ಹಾಲಿಗೆ ಗಿಡ್ಡವನ್ನು ಯಾಕೆ ಸಾಕಬೇಕು?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಉತ್ತರದ ಒಂದು ಭಾಗ ದನದ ವಂಶವಾಹಿಯಲ್ಲಿದೆ.

ಹಾಲಿನ ಪ್ರಮಾಣವನ್ನು ನೂರಾರು ವಂಶವಾಹಿಗಳು ಸೇರಿ ನಿರ್ಧರಿಸುತ್ತವೆ. ಮೇವು, ಆರೈಕೆ, ಹವೆಯ ಪಾಲೂ ಇದೆ. ಆದರೂ ಡಿಜಿಎಟಿ1 ಎಂಬ ಒಂದು ವಂಶವಾಹಿಯ ಪ್ರಭಾವ ಎದ್ದು ಕಾಣುತ್ತದೆ. ಹಾಲಿನ ಕೊಬ್ಬು ತಯಾರಾಗುವ ಕೊನೆಯ ಹಂತದ ಕಿಣ್ವ ಇದರಿಂದಲೇ ಆಗುವುದು. ಆ ಕಿಣ್ವದ 232ನೇ ಸ್ಥಾನದಲ್ಲಿ ಲೈಸಿನ್ ಇದ್ದರೆ ಹಾಲಿನಲ್ಲಿ ಕೊಬ್ಬು ಹೆಚ್ಚು. ಅಲನಿನ್ ಇದ್ದರೆ ಹಾಲು ಹೆಚ್ಚು, ಕೊಬ್ಬಿನ ಅಂಶ ಕಡಿಮೆ. ಇದು 2002ರಲ್ಲಿ ಪ್ರಕಟವಾದ ಸಂಶೋಧನೆ. ಎಚ್.ಎಫ್. ದನಗಳಲ್ಲಿ ಎರಡು ಬಗೆಯೂ ಇವೆ. ಪರೀಕ್ಷಿಸಿದ ಭಾರತದ ದೇಸಿ ತಳಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಲೈಸಿನ್ ಬಗೆ.

ಸೊಸೈಟಿಯಲ್ಲಿ ಕೊಬ್ಬು ಮತ್ತು ಎಸ್‌ಎನ್‌ಎಫ್ ನೋಡಿ ದರ ಕೊಡುತ್ತಾರೆ. ಹಾಗೆಂದು ಗಿಡ್ಡ ದನ ಮಿಶ್ರತಳಿಯಷ್ಟು ಹಣ ತರುತ್ತದೆ ಎಂದರೆ ತಪ್ಪಾದೀತು. ಅದರ ಲಾಭ ಖರ್ಚಿನ ಬದಿಯಲ್ಲಿದೆ: ಸಣ್ಣ ಮೈ, ಗುಡ್ಡೆಯಲ್ಲಿ ಮೇಯ್ದರೆ ಸಾಕು, ನಮ್ಮ ಸೆಕೆ ಮತ್ತು ಮಳೆಯನ್ನು ತಾಳಿಕೊಳ್ಳುತ್ತದೆ.

ಕೇರಳದಲ್ಲಿ 1963ರಲ್ಲಿ ಮಾಟ್ಟುಪೆಟ್ಟಿಯ ಇಂಡೋ-ಸ್ವಿಸ್ ಯೋಜನೆಯಿಂದ ಸ್ವಿಸ್ ಹೋರಿಗಳ ಮಿಶ್ರತಳಿ ಶುರುವಾಯಿತು. ಸುನಂದಿನಿ ಬಂದದ್ದು ಹಾಗೆ. ಹಾಲು ಹೆಚ್ಚಿತು, ಊರ ದನ ಕಡಿಮೆಯಾಯಿತು. ವೆಚ್ಚೂರು ತಳಿ ಅಳಿದೇ ಹೋಗುವಂತಿದ್ದಾಗ 1989ರಲ್ಲಿ ಮಣ್ಣುತ್ತಿಯಲ್ಲಿ ಡಾ. ಶೋಶಮ್ಮ ಐಪ್ ಮತ್ತು ಅವರ ವಿದ್ಯಾರ್ಥಿಗಳು ಹುಡುಕಿ ಉಳಿಸಿದರು. ಗಡಿಯಾಚೆಯ ಮಲೆನಾಡು ಗಿಡ್ಡ 2012ರಲ್ಲಿ ಅಧಿಕೃತ ತಳಿಯಾಗಿ ನೋಂದಣಿಯಾಯಿತು. ನಮ್ಮ ಗಿಡ್ಡಕ್ಕೆ ಬದಿಯಡ್ಕದ ಬೇಳದಲ್ಲಿ ಸರಕಾರಿ ಫಾರ್ಮ್ ಇದೆ. ಆದರೆ ಒಂದು ಫಾರ್ಮಿನಿಂದ ತಳಿ ಉಳಿಯದು, ಹಟ್ಟಿಗಳಲ್ಲೂ ಇರಬೇಕು.

ಲೆಕ್ಕ ಸರಳ. ಗಿಡ್ಡ ದನಕ್ಕೆ ಜರ್ಸಿ ಇಂಜೆಕ್ಷನ್ ಕೊಡಿಸಿದರೆ ಕರುವಿನಲ್ಲಿ ಗಿಡ್ಡದ ಪಾಲು ಅರ್ಧ. ಆ ಕರುವಿಗೂ ಹಾಗೆಯೇ ಮಾಡಿದರೆ ಕಾಲು, ಮತ್ತೊಮ್ಮೆ ಮಾಡಿದರೆ ಅರೆಕಾಲು. ಕಳೆದುಹೋದದ್ದನ್ನು ಆಮೇಲೆ ಯಾವ ಆಸ್ಪತ್ರೆಯೂ ತಂದುಕೊಡಲಾರದು.

ಮಿಶ್ರತಳಿ ಇದ್ದವರು ಅದನ್ನೇ ಸಾಕಿ, ಅಡ್ಡಿಯಿಲ್ಲ. ಗಿಡ್ಡ ದನ ಇದ್ದವರು ಮಾತ್ರ ಇಂಜೆಕ್ಷನ್ ಕೊಡಿಸುವ ಮೊದಲು "ಗಿಡ್ಡ ಹೋರಿಯದ್ದು ಸಿಗಬಹುದೇ?" ಎಂದು ಮೃಗಾಸ್ಪತ್ರೆಯಲ್ಲಿ ವಿಚಾರಿಸಬೇಕಾಗಿ ವಿನಂತಿ. ಹೊಸಂಗಡಿ, ಮಂಜೇಶ್ವರ, ಉಪ್ಪಳ, ತಲಪಾಡಿ ಕಡೆಯ ಸದಸ್ಯರು ತಮ್ಮಲ್ಲಿ ಗಿಡ್ಡ ದನ ಎಷ್ಟಿವೆ, ಹೋರಿ ಇದೆಯೇ ಎಂದು ಸಂಘಕ್ಕೆ ತಿಳಿಸಿದರೆ ಪಟ್ಟಿ ಮಾಡಿ ಇಡುತ್ತೇನೆ. ಹೋರಿ ಬೇಕಾದವರಿಗೆ ಇದ್ದವರ ಪರಿಚಯ ಮಾಡಿಕೊಡಲು ಅನುಕೂಲ.

ಕಾರ್ಯದರ್ಶಿ
ಹೊಸಂಗಡಿ