ಮದ್ರಸ ಬಿಟ್ಟು ಶಾಲೆಗೆ ಓಡುವ ಮಗುವಿನ ಹೊಟ್ಟೆಯಲ್ಲಿ ಏನಿದೆ?

ಬೆಳಗ್ಗೆ ಹನ್ನೊಂದು ಗಂಟೆ. ನಮ್ಮ ಊರಿನ ಸರಕಾರಿ ಶಾಲೆಯ ಮೂರನೇ ತರಗತಿಯಲ್ಲಿ ಗಣಿತ ಪಾಠ ನಡೆಯುತ್ತಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಡೆಸ್ಕಿನ ಮೇಲೆ ತಲೆ ಇಟ್ಟು ಮಲಗಿದ್ದ. ಪೋಷಕರ ಸಭೆಗೆಂದು ಸ್ವಲ್ಪ ಬೇಗನೆ ಹೋಗಿದ್ದ ನಾವು ಕಿಟಕಿಯಿಂದ ನೋಡಿದೆವು. ಆಮೇಲೆ ಟೀಚರ್ ಹೇಳಿದರು: "ಇವ ದಿನಾ ಹೀಗೇ. ಮೊದಲು ಗದರಿಸ್ತಿದ್ದೆ. ಒಂದು ದಿನ ಹತ್ತಿರ ಕೂತು, ಬೆಳಗ್ಗೆ ಏನು ತಿಂದೆ ಮಗಾ ಅಂತ ಕೇಳಿದೆ. ಚಾಯ ಕುಡಿದೆ ಅಂದ. ಮತ್ತೆ? ಮತ್ತೆ ಎಂತ ಇಲ್ಲ."

ಸಭೆಯಲ್ಲಿ ಟೀಚರ್ ಅದೇ ಪ್ರಶ್ನೆಯನ್ನು ನಮ್ಮ ಮುಂದಿಟ್ಟರು. ಇವತ್ತು ಬೆಳಗ್ಗೆ ನಿಮ್ಮ ಮಗು ಏನು ತಿಂದು ಬಂತು? ಅಂಕ, ಯೂನಿಫಾರ್ಮ್, ಶಾಲೆಯ ಛಾವಣಿ ಸೋರುವುದು, ಇವೆಲ್ಲದರ ಬಗ್ಗೆ ಮಾತಾಡಲು ತಯಾರಾಗಿ ಬಂದಿದ್ದವರೆಲ್ಲ ಸುಮ್ಮನಾದರು. ಸುಮ್ಮನಾದವರಲ್ಲಿ ನಾವೂ ಇದ್ದೆವು.

ನಮ್ಮ ಮನೆಗಳ ಬೆಳಗ್ಗೆ ಹೇಗಿರುತ್ತದೆ ಎಂದು ಈ ಪುಟದ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಆರೂವರೆ, ಏಳಕ್ಕೆ ಮದ್ರಸ. ಮಗುವನ್ನು ಎಬ್ಬಿಸಿ, ಮುಖ ತೊಳೆಸಿ, ತಲೆಗೆ ಟೊಪ್ಪಿಯೋ ಸ್ಕಾರ್ಫೋ ಹಾಕಿ ಕಳಿಸುವಷ್ಟರಲ್ಲೇ ಉಮ್ಮಂದಿರಿಗೆ ಸಾಕಾಗಿ ಹೋಗುತ್ತದೆ. ಒಂದು ಲೋಟ ಚಾಯ, ಎರಡು ರಸ್ಕ್. ಮದ್ರಸ ಬಿಟ್ಟ ಮೇಲೆ ಮನೆಗೆ ಓಡಿ ಬಂದು, ಬಟ್ಟೆ ಬದಲಿಸಿ, ಚೀಲ ಹೆಗಲಿಗೇರಿಸಿ ಶಾಲೆಗೆ ಓಡಬೇಕು. ದೂರದ ಮನೆಯ ಮಕ್ಕಳು ಮದ್ರಸದಿಂದ ನೇರವಾಗಿ ಶಾಲೆಗೇ ಹೋಗುತ್ತಾರೆ. ಅವರ ಜೇಬಿನಲ್ಲಿ ಹತ್ತು ರೂಪಾಯಿ ಇರುತ್ತದೆ. ಆ ಹತ್ತು ರೂಪಾಯಿ ಎಲ್ಲಿಗೆ ಹೋಗುತ್ತದೆ ಎಂಬುದು ಶಾಲೆಯ ಗೇಟಿನ ಎದುರಿನ ಅಂಗಡಿಯವರಿಗೆ ಗೊತ್ತು.

ಲೆಕ್ಕ ಹಾಕಿ ನೋಡಿ. ರಾತ್ರಿ ಎಂಟಕ್ಕೆ ಉಂಡ ಮಗು ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಊಟಕ್ಕೆ ಕೂರುತ್ತದೆ. ನಡುವೆ 17 ಗಂಟೆ. ಅಷ್ಟರಲ್ಲಿ ಎರಡು ಕಡೆ ಪಾಠ ಆಗಿರುತ್ತದೆ. ದೊಡ್ಡವರಾದ ನಾವೇ 17 ಗಂಟೆ ಚಾಯದಲ್ಲಿ ಕಳೆದರೆ ತಲೆ ಸಿಡಿಯುತ್ತದೆ, ಸಿಟ್ಟು ಬರುತ್ತದೆ. ಎಂಟು ವರ್ಷದ ಹುಡುಗ ಮಲಗದೆ ಇನ್ನೇನು ಮಾಡಬೇಕು? "ಓದಿನಲ್ಲಿ ಗಮನ ಇಲ್ಲ" ಎಂದು ನಾವು ಬೈಯುತ್ತಿದ್ದದ್ದು ಹಸಿದ ಮಗುವಿಗೆ.

ಶಾಲೆ ಕೊಡುವುದು, ನಾವು ಬೇಡ ಅನ್ನುವುದು

ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2001ರ ನವೆಂಬರ್‌ನಲ್ಲಿ. ನಮ್ಮ ರಾಜ್ಯದಲ್ಲಿ 2002ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹ ಮರುವರ್ಷ ನಮ್ಮ ಕಡೆಗೂ ಬಂತು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಶಾಲೆಯ ಊಟ ಒಂದು ಹಕ್ಕು. ಒಂದರಿಂದ ಐದನೇ ತರಗತಿಯ ಮಗುವಿನ ಊಟದಲ್ಲಿ 450 ಕ್ಯಾಲೊರಿ, 12 ಗ್ರಾಂ ಪ್ರೊಟೀನ್ ಇರಬೇಕು. ಆರರಿಂದ ಎಂಟನೇ ತರಗತಿಗೆ 700 ಕ್ಯಾಲೊರಿ, 20 ಗ್ರಾಂ ಪ್ರೊಟೀನ್. ಚಿಕ್ಕ ಮಕ್ಕಳ ಸಾಂಬಾರಿಗೆ ತಲಾ 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಬೀಳಬೇಕು.

ಇದರ ಜೊತೆಗೆ 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ 150 ಮಿ.ಲೀ. ಹಾಲು. 2024ರಿಂದ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್. ಮೊಟ್ಟೆ ಮೊದಲು ಕೆಲವೇ ದಿನ ಇತ್ತು, 2024ರಲ್ಲಿ ವಾರಕ್ಕೆ ಆರು ದಿನಕ್ಕೆ ವಿಸ್ತರಿಸಿದರು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೊಟೀನ್ ಇರುತ್ತದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶ ಇರುತ್ತದೆ. ಬೆಳೆಯುವ ಎಲುಬಿಗೆ ಇದಕ್ಕಿಂತ ಅಗ್ಗದ ಮದ್ದು ಇಲ್ಲ.

ಹಾಗಿದ್ದರೂ ಸಭೆಯಲ್ಲಿ ಒಬ್ಬ ತಾಯಿ ಹೇಳಿದ ಮಾತು ಕೇಳಿ: "ನನ್ನ ಮಗಳಿಗೆ ಶಾಲೆಯ ಹಾಲು ಬೇಡ ಅಂತ ನಾನೇ ಹೇಳಿದ್ದೆ ಟೀಚರೇ. ಬಿಟ್ಟಿ ಸಿಗುವುದಲ್ವಾ, ಒಳ್ಳೇದಿರ್ಲಿಕ್ಕಿಲ್ಲ ಅಂತ." ಆಕೆ ನೇರವಾಗಿ ಹೇಳಿಬಿಟ್ಟರು. ನಮ್ಮಲ್ಲಿ ಎಷ್ಟೋ ಮಂದಿ ಹೇಳದೆಯೇ ಹಾಗೆ ಅಂದುಕೊಂಡಿದ್ದೇವೆ. ಶಾಲೆಯ ಊಟ ಬಡವರಿಗೆ, ನಮ್ಮ ಮಗು ಮನೆಯಿಂದ ಡಬ್ಬಿ ಕೊಂಡುಹೋಗುತ್ತದೆ ಅನ್ನುವುದರಲ್ಲಿ ನಮಗೊಂದು ಮರ್ಯಾದೆ. ಡಬ್ಬಿ ತೆರೆದರೆ ಒಳಗೆ ತಣ್ಣಗಾದ ನೂಡಲ್ಸ್ ಇಲ್ಲವೇ ಬೇಕರಿಯ ಪಫ್ಸ್!

ಊಟ ಚೆನ್ನಾಗಿಲ್ಲ ಎಂಬ ಸಂಶಯ ಇದ್ದರೆ ಅದಕ್ಕೂ ದಾರಿ ಇದೆ. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕು ಎಂಬ ನಿಯಮ ಇದೆ. ಪೋಷಕರೂ ಸರದಿಯಲ್ಲಿ ಬಂದು ರುಚಿ ನೋಡಬಹುದು. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನಂತೆ ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ನಮ್ಮ ಎಸ್‌ಡಿಎಂಸಿಗಳಲ್ಲಿ ಉಮ್ಮಂದಿರ ಹೆಸರು ಇದೆ, ಸಹಿಯೂ ಇದೆ. ಅಡುಗೆ ಕೋಣೆಯ ಒಳಗೆ ಹೋಗಿ, ಬೇಳೆ ಎಷ್ಟು ಹಾಕಿದಿರಿ ಅಕ್ಕಾ ಎಂದು ಕೇಳಿದವರು ಎಷ್ಟು ಜನ?

ಆ ತಾಯಿ ಮರುವಾರ ಹೋದರು. ಅಡುಗೆಯ ಅಕ್ಕಂದಿರ ಜೊತೆ ಕೂತು ಒಂದು ತಟ್ಟೆ ಅನ್ನ ಸಾಂಬಾರು ಉಂಡರು. "ಉಪ್ಪು ಸ್ವಲ್ಪ ಜಾಸ್ತಿ, ತರಕಾರಿ ಪರವಾಗಿಲ್ಲ" ಅಂದರು. ಅವರ ಮಗಳು ಈಗ ಹಾಲು ಕುಡಿಯುತ್ತಾಳೆ.

"ನಾವು ಗಂಜಿ ಕುಡಿದು ಬೆಳೆದದ್ದು"

ಬೆಳಗ್ಗಿನ ಹಸಿವಿಗೆ ಶಾಲೆಯೊಂದೇ ಉತ್ತರ ಕೊಡಲು ಆಗುವುದಿಲ್ಲ. ಹಾಗಾಗಿ ವಿಷಯ ಜಮಾಅತ್‌ನವರ ಮುಂದೆ ಬಂತು. ಮದ್ರಸ ಬಿಡುವ ಹೊತ್ತಿಗೆ ಮಕ್ಕಳಿಗೆ ಏನಾದರೂ ತಿನ್ನಲು ಕೊಟ್ಟರೆ ಹೇಗೆ? ಕೂಡಲೇ ಪ್ರಶ್ನೆಗಳು ಎದ್ದವು. ದುಡ್ಡು ಯಾರು ಕೊಡುವುದು? ಪಾತ್ರೆ ತೊಳೆಯುವವರು ಯಾರು? ಇವತ್ತು ಶುರು ಮಾಡಿ ನಾಳೆ ನಿಂತರೆ ನಾಚಿಕೆ ಅಲ್ವಾ? ಇವೆಲ್ಲ ನ್ಯಾಯವಾದ ಪ್ರಶ್ನೆಗಳೇ.

ಹಿರಿಯ ಹಾಜಿಯವರೊಬ್ಬರು ಮಾತ್ರ ಬೇಸರದಲ್ಲಿ ಹೇಳಿದರು: "ಎಂತ ಮಾರಾಯ್ರೇ, ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ನಾವು ಗಂಜಿ ಕುಡಿದು ಬೆಳೆದದ್ದು."

ಉಸ್ತಾದರು ನಗುತ್ತಾ ಅಂದರು: "ಹಾಜಿಯವರೇ, ಗಂಜಿ ಕುಡಿದಿದ್ದೀರಲ್ಲ, ಅದೇ ಈಗ ಇಲ್ಲದ್ದು."

ಮಾತು ಅಲ್ಲಿಗೆ ತಿರುಗಿತು. ಹೌದಲ್ಲ! ಕುಚ್ಚಲಕ್ಕಿ ಗಂಜಿ, ಜೊತೆಗೆ ಹೆಸರುಕಾಳಿನ ಪಲ್ಯ, ಒಂದು ತುಂಡು ಮೀನು. ರಾತ್ರಿ ಉಳಿದ ಅಕ್ಕಿರೊಟ್ಟಿಗೆ ಬೂತಾಯಿ ಗಸಿ. ಪುಂಡಿ. ಹಿತ್ತಲಿನ ಬಸಳೆ, ಹರಿವೆ, ನುಗ್ಗೆಸೊಪ್ಪು. ಬಡತನ ಇತ್ತು, ಹಸಿವೂ ಇತ್ತು, ಅದನ್ನು ಚಂದ ಮಾಡಿ ಹೇಳುವುದು ಬೇಡ. ಆದರೆ ಬೆಳಗ್ಗೆ ಸಿಕ್ಕಿದ್ದು ಊಟವೇ ಆಗಿರುತ್ತಿತ್ತು. ಈಗ ಕೈಯಲ್ಲಿ ದುಡ್ಡಿದೆ, ಗಲ್ಫಿನಿಂದ ಬಂದ ಚಾಕಲೇಟ್ ಇದೆ, ಫ್ರಿಡ್ಜ್ ಇದೆ. ಮಗುವಿನ ಬೆಳಗ್ಗಿನ ತಟ್ಟೆ ಮಾತ್ರ ಖಾಲಿ.

ರಕ್ತಹೀನತೆಯ ವಿಷಯ ಇಲ್ಲಿ ಹೇಳಲೇಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67 ಮಂದಿಗೆ ರಕ್ತಹೀನತೆ ಇದೆ. ಆ ಮಕ್ಕಳೇ ಮುಂದೆ ಒಂದನೇ ತರಗತಿಗೆ ಬರುವುದು. ಮಗು ಬೇಗ ಸುಸ್ತಾಗುವುದು, ಮಂಕಾಗಿ ಕೂರುವುದು ಸೋಮಾರಿತನ ಅಲ್ಲದೆ ಇರಬಹುದು. ತಿಂಡಿಯ ಜೊತೆ ಚಾಯ ಕುಡಿದರೆ ಆಹಾರದಲ್ಲಿರುವ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅದೇ ಊಟದ ಜೊತೆ ಒಂದು ಪೇರಳೆ, ನೆಲ್ಲಿಕಾಯಿ, ಲಿಂಬೆಹುಳಿ ಇದ್ದರೆ ಚೆನ್ನಾಗಿ ಹತ್ತುತ್ತದೆ. ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ, ಜಂತುಹುಳದ ಮಾತ್ರೆಗಳನ್ನು "ಯಾಕೆ ಸುಮ್ಮನೆ" ಎಂದು ತಪ್ಪಿಸುವ ಮನೆಗಳಿವೆ. ದಯವಿಟ್ಟು ತಪ್ಪಿಸಬೇಡಿ. ಸಂಶಯ ಇದ್ದರೆ ಆಶಾ ಅಕ್ಕನಲ್ಲಿ ಕೇಳಿ.

ಕೊನೆಗೆ ತೀರ್ಮಾನವಾದದ್ದು ಸಣ್ಣದು. ಪಾತ್ರೆ ತೊಳೆಯುವ ತಕರಾರು ಬಾರದಂಥ ತಿಂಡಿ: ಬೇಯಿಸಿದ ಹೆಸರುಕಾಳು ಅಥವಾ ಕಡಲೆ, ಒಂದು ಬಾಳೆಹಣ್ಣು. ದಿನಕ್ಕೊಂದು ಮನೆಯ ಸರದಿ. ಆಗದವರು ಆಗುವುದಿಲ್ಲ ಎನ್ನಬಹುದು, ಕಾರಣ ಕೇಳುವಂತಿಲ್ಲ. ಮದ್ರಸ ಬಿಡುವ ಸಮಯವನ್ನು ಹತ್ತು ನಿಮಿಷ ಮುಂಚೆ ಮಾಡಲು ಉಸ್ತಾದರು ಒಪ್ಪಿದರು. ಮಳೆಗಾಲದಲ್ಲಿ ಎರಡು ವಾರ ನಿಂತೂ ಹೋಯಿತು. ಮತ್ತೆ ಶುರುವಾದದ್ದು ಮಕ್ಕಳೇ ಕೇಳಿದ್ದರಿಂದ.

ಗೇಟಿನ ಎದುರಿನ ಅಂಗಡಿ

ಇನ್ನೊಂದು ಕಷ್ಟದ ಮಾತು. ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಗಳನ್ನು ಮಕ್ಕಳಿಗೆ ಮಾರಬಾರದು ಎಂಬ ನಿಯಮವನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ಮಾಡಿದೆ. ಆದರೆ ಆ ಅಂಗಡಿ ನಡೆಸುವವರು ಯಾರು? ನಮ್ಮ ಭಾವನೋ, ಪಕ್ಕದ ಮನೆಯ ಕಾಕನೋ ಇರುತ್ತಾರೆ. ಅವರ ಹೊಟ್ಟೆಪಾಡು ಅದು. ದೂರು ಕೊಟ್ಟು ಜಗಳ ಮಾಡುವುದು ಸುಲಭ, ನಾಳೆ ಮುಖ ನೋಡುವುದು ಕಷ್ಟ.

ಮಾತಾಡಿ ನೋಡಿದೆವು. ಅಂಗಡಿಯ ಕಾಕ ಹೇಳಿದ್ದು ಇಷ್ಟೇ: "ಮಕ್ಕಳು ಕೇಳುವುದನ್ನು ನಾನು ಇಡುವುದು. ಕಡ್ಲೆ, ಬಾಳೆಹಣ್ಣು ಕೇಳಿದರೆ ಅದನ್ನೇ ಇಡುತ್ತೇನೆ. ಹಣ್ಣು ಕೊಳೆತರೆ ನಷ್ಟ ನನಗಲ್ವಾ?" ಅವರ ಮಾತಲ್ಲಿ ತಪ್ಪೇನಿದೆ? ಈಗ ಮುಂದಿನ ಸಾಲಿನಲ್ಲಿ ಕಡಲೆ ಮಿಠಾಯಿ, ಹುರಿದ ಕಡ್ಲೆ, ಬಾಳೆಗೊನೆ. ಬಣ್ಣದ ಪೊಟ್ಟಣಗಳು ಇನ್ನೂ ಇವೆ, ಹಿಂದಿನ ಸಾಲಿಗೆ ಹೋಗಿವೆ. ಪೂರ್ತಿ ಗೆದ್ದಿಲ್ಲ. ಹತ್ತು ರೂಪಾಯಿ ಕೊಟ್ಟು ಕಳಿಸುವುದನ್ನು ನಾವು ನಿಲ್ಲಿಸಿದರೆ ಉಳಿದ ಅರ್ಧ ಕೆಲಸ ತಾನಾಗಿ ಆಗುತ್ತದೆ.

ಸಮುದಾಯದವರೇ ನಡೆಸುವ ಖಾಸಗಿ ಆಂಗ್ಲ ಮಾಧ್ಯಮ ಶಾಲೆಗಳಿಗೂ ಒಂದು ಮಾತು. ಅಲ್ಲಿ ಬಿಸಿಯೂಟ ಇಲ್ಲ, ಹಾಲು ಇಲ್ಲ. ಮಗು ಡಬ್ಬಿಯನ್ನೇ ನಂಬಿರುತ್ತದೆ. ಶೂಗೆ, ಟೈಗೆ ನಿಯಮ ಮಾಡುವ ಶಾಲೆ, ವಾರದಲ್ಲಿ ಎರಡು ದಿನ ಡಬ್ಬಿಯಲ್ಲಿ ಹಣ್ಣು ಇರಲಿ, ಒಂದು ದಿನ ಕಾಳು ಇರಲಿ ಎಂದು ಹೇಳಬಾರದೇ? ಹುಟ್ಟುಹಬ್ಬಕ್ಕೆ ತರಗತಿಗೆಲ್ಲ ಚಾಕಲೇಟ್ ಹಂಚುವ ಬದಲು ಒಂದು ಬುಟ್ಟಿ ಕಿತ್ತಳೆ ಕಳಿಸಿದರೆ ಯಾರ ಮರ್ಯಾದೆಯೂ ಕಡಿಮೆಯಾಗುವುದಿಲ್ಲ.

ಕಿತ್ತಳೆ ಎಂದಾಗ ಹರೇಕಳ ಹಾಜಬ್ಬರು ನೆನಪಾಗದೆ ಇರುವುದಿಲ್ಲ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು, ವಿದೇಶಿಯರು ಇಂಗ್ಲಿಷ್‌ನಲ್ಲಿ ಬೆಲೆ ಕೇಳಿದಾಗ ಉತ್ತರಿಸಲಾಗದೆ, ತನ್ನೂರಿನ ಮಕ್ಕಳಿಗೆ ಈ ಸ್ಥಿತಿ ಬಾರದಿರಲಿ ಎಂದು ಶಾಲೆಗಾಗಿ ಓಡಾಡಿದವರು. 2000ದಲ್ಲಿ ನ್ಯೂಪಡ್ಪುವಿನಲ್ಲಿ ಶಾಲೆ ಶುರುವಾಯಿತು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ನಾವು ಅವರಿಗೆ ಶಾಲು ಹೊದಿಸಿದ್ದೇವೆ, ಫೋಟೋ ತೆಗೆಸಿಕೊಂಡಿದ್ದೇವೆ. ಶಾಲೆ ಊರಿನದು, ಸರಕಾರದ್ದು ಮಾತ್ರ ಅಲ್ಲ ಎಂದು ಅವರು ಮಾಡಿ ತೋರಿಸಿದ್ದನ್ನು ನಮ್ಮ ನಮ್ಮ ಊರಿನ ಶಾಲೆಯಲ್ಲಿ ಎಷ್ಟು ಮುಂದುವರಿಸಿದ್ದೇವೆ?

ಕೈಗೆ ಮಣ್ಣಾಗಲಿ

ದಕ್ಷಿಣ ಕನ್ನಡದ ಹಲವು ಸರಕಾರಿ ಶಾಲೆಗಳಲ್ಲಿ ಅಡಿಕೆ ತೋಟ ಇದೆ, ತರಕಾರಿ ತೋಟವೂ ಇದೆ. ನಮ್ಮ ಶಾಲೆಯ ಹಿಂಬದಿಯಲ್ಲಿ ಹಳೆ ವಿದ್ಯಾರ್ಥಿಗಳು ಒಂದು ಭಾನುವಾರ ಕಳೆ ತೆಗೆದು ಬಸಳೆ ಚಪ್ಪರ ಹಾಕಿದರು. ಹಟ್ಟಿಗೊಬ್ಬರ ಕೊಟ್ಟದ್ದು ಪಕ್ಕದ ಪೂಜಾರಿಯವರ ಮನೆಯಿಂದ. ಪಪ್ಪಾಯಿ ಗಿಡ ತಂದದ್ದು ಚರ್ಚ್ ಬಳಿಯ ಬಾಯಿಯವರು. ಶಾಲೆ ಎಂದರೆ ಎಲ್ಲರೂ ಒಟ್ಟಿಗೆ ಬರುತ್ತಾರೆ, ಕರೆಯುವವರು ಬೇಕು ಅಷ್ಟೇ. ಬಸಳೆ ಕಂಡರೆ ಓಡುತ್ತಿದ್ದ ಮಕ್ಕಳು ತಾವೇ ನೀರು ಹಾಕಿದ ಬಳ್ಳಿಯ ಬಸಳೆಯನ್ನು ಸಾಂಬಾರಿನಲ್ಲಿ ಹುಡುಕಿ ತಿನ್ನುತ್ತಾರೆ.

ಓದುಗರಲ್ಲಿ ನಮ್ಮ ಕೋರಿಕೆ ದೊಡ್ಡದೇನೂ ಅಲ್ಲ. ಮುಂದಿನ ಎಸ್‌ಡಿಎಂಸಿ ಸಭೆಗೆ ಹೋಗಿ. ಒಂದು ದಿನ ಮಕ್ಕಳ ಜೊತೆ ಕೂತು ಉಣ್ಣಿ. ಅಡುಗೆಯ ಅಕ್ಕಂದಿರ ಹೆಸರು ತಿಳಿದುಕೊಳ್ಳಿ. ಮಗು ಚಾಯ ಕೇಳಿದಾಗ ಮೊದಲು ಒಂದು ಬಟ್ಟಲು ಗಂಜಿ ಕೊಡಿ. ಬಾಪಂದಿರೇ, ಇದು ಉಮ್ಮಂದಿರ ಕೆಲಸ ಮಾತ್ರ ಎಂದು ಪೇಪರ್ ಮಡಚಿ ಇಡಬೇಡಿ. ರಾತ್ರಿ ಕಾಳು ನೆನೆಸಿಡಲು ಗಂಡಸರಿಗೂ ಬರುತ್ತದೆ.

ಮೊನ್ನೆ ಶಾಲೆಯ ಕಡೆ ಹೋಗಿದ್ದೆವು. ಹಿಂದಿನ ಬೆಂಚಿನ ಆ ಹುಡುಗನ ಬಗ್ಗೆ ಕೇಳಿದೆವು. "ಕೆಲವು ದಿನ ಈಗಲೂ ಮಲಗ್ತಾನೆ" ಎಂದು ಟೀಚರ್ ನಕ್ಕರು. "ಆದರೆ ಈಗ ಎಬ್ಬಿಸಿದರೆ ಲೆಕ್ಕ ಮಾಡ್ತಾನೆ."