ಐದು ಶಿಲಿಂಗಿನ ಪಿಂಚಣಿ, ಸುಟ್ಟುಹೋದ ಜನಗಣತಿ

1922ರ ಜೂನ್ 30ರಂದು ಡಬ್ಲಿನ್ ನಗರದ ಮೇಲೆ ಸುಟ್ಟ ಕಾಗದ ಉದುರಿತು. ಲಿಫಿ ನದಿಯ ದಂಡೆಯಲ್ಲಿರುವ ಫೋರ್ ಕೋರ್ಟ್ಸ್ ನ್ಯಾಯಾಲಯದ ಆವರಣದಲ್ಲೇ ಐರ್ಲೆಂಡ್ ದೇಶದ ದಾಖಲೆ ಕಚೇರಿಯಿತ್ತು. ಅಂತರ್ಯುದ್ಧದ ಫಿರಂಗಿ ಕಾಳಗದ ನಡುವೆ ಅಲ್ಲಿ ಭಾರೀ ಸ್ಫೋಟವಾಗಿ ಬೆಂಕಿ ಹತ್ತಿಕೊಂಡಿತು. ಅರೆಬೆಂದ ಹಾಳೆಗಳು ಗಾಳಿಗೆ ಹಾರಿ ಕಡಲ ಬದಿಯ ಹೌತ್‌ವರೆಗೂ ಹೋಗಿ ಬಿದ್ದವು. ಶತಮಾನಗಳ ಕಡತ ಒಂದೇ ಮಧ್ಯಾಹ್ನದಲ್ಲಿ ಬೂದಿಯಾಯಿತು.

ಅಮೆರಿಕದಿಂದಲೋ ಆಸ್ಟ್ರೇಲಿಯಾದಿಂದಲೋ ಮುತ್ತಜ್ಜನ ಊರು ಹುಡುಕಿಕೊಂಡು ಬರುವವರಿಗೆ ಇವತ್ತಿಗೂ ಮೊದಲು ಸಿಗುವ ಉತ್ತರ, ‘ಎಲ್ಲ ಸುಟ್ಟುಹೋಯಿತಲ್ಲ!’ ಇದು ಅರ್ಧ ನಿಜ. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳು, ಅಲ್ಲಿಲ್ಲಿ ಉಳಿದ ಚೂರುಪಾರು ಬಿಟ್ಟರೆ, ಆ ಬೆಂಕಿಗೇ ಹೋದವು. 1861 ಮತ್ತು 1871ರವನ್ನು ಮಾತ್ರ ಲೆಕ್ಕ ಮುಗಿದ ಮೇಲೆ ಸರ್ಕಾರವೇ ನಾಶ ಮಾಡಿಸಿತ್ತು. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಗೆ ಹೋದವು. ಬೆಂಕಿಗೆ ಶಾಪ ಹಾಕುವವರು ಅದರಲ್ಲಿ ಅರ್ಧವನ್ನಾದರೂ ಕಚೇರಿಯವರಿಗೆ ಹಾಕಬೇಕು. ಪೂರ್ತಿಯಾಗಿ ಉಳಿದಿರುವ ಹಳೆಯ ಗಣತಿಗಳು 1901 ಮತ್ತು 1911ರವು ಮಾತ್ರ.

ಆ ಬೂದಿಯ ನಡುವೆ ಉಳಿದುಕೊಂಡ ಒಂದು ಹಸಿರು ಫಾರಂ ಇದೆ. ಅದರ ಕತೆ ಹೇಳುವ ಆಸೆಯಿಂದಲೇ ಇದನ್ನೆಲ್ಲ ಬರೆಯಲು ಕೂತಿದ್ದೇನೆ.

ಐರ್ಲೆಂಡ್ ಇನ್ನೂ ಬ್ರಿಟನ್ನಿನ ಕೈಕೆಳಗಿದ್ದ 1908ರಲ್ಲಿ ವೃದ್ಧಾಪ್ಯ ಪಿಂಚಣಿ ಕಾಯ್ದೆ ಬಂತು. 1909ರ ಜನವರಿಯಿಂದ 70 ತುಂಬಿದ ಬಡವರಿಗೆ ವಾರಕ್ಕೆ ಐದು ಶಿಲಿಂಗ್ ಕೊಡತೊಡಗಿದರು. ಕೈಯಲ್ಲಿ ನಗದು ಕಾಣದೆ ಬದುಕಿದ್ದ ಮುದುಕ ಮುದುಕಿಯರಿಗೆ ಅದು ದೊಡ್ಡ ಮೊತ್ತ. ಆದರೆ 70 ಆಗಿದೆ ಅನ್ನುವುದಕ್ಕೆ ಪುರಾವೆ ಏನು? ಎಲ್ಲರ ಜನನವನ್ನೂ ಸರ್ಕಾರ ಬರೆದಿಡಲು ಶುರು ಮಾಡಿದ್ದೇ 1864ರಲ್ಲಿ. ಅಂದರೆ ಪಿಂಚಣಿ ಬಂದಾಗ ಜನನ ಪ್ರಮಾಣಪತ್ರ ಇರಬಹುದಾಗಿದ್ದವರಲ್ಲಿ ಎಲ್ಲರಿಗಿಂತ ಹಿರಿಯರಿಗೂ 45 ದಾಟಿರಲಿಲ್ಲ.

ಹಾಗಾಗಿ ನೆನಪೇ ಸಾಕ್ಷಿಯಾಯಿತು. 1839ರ ಜನವರಿ 6ರ ರಾತ್ರಿ ಬೀಸಿದ ಬಿರುಗಾಳಿ ಐರ್ಲೆಂಡಿನಲ್ಲಿ ‘ದೊಡ್ಡ ಗಾಳಿಯ ರಾತ್ರಿ’ ಎಂದೇ ಹೆಸರಾಗಿದೆ. ಆ ರಾತ್ರಿ ತನಗೆ ನೆನಪಿದೆ, ಆಗಲೇ ಆಲೂಗಡ್ಡೆಯನ್ನು ಕೈಯಲ್ಲಿ ಹಿಡಿದು ತಿನ್ನುವಷ್ಟು ದೊಡ್ಡವನಾಗಿದ್ದೆ ಎಂದು ಹೇಳಿದರೆ ಅಧಿಕಾರಿಗಳು ಒಪ್ಪುವುದಿತ್ತಂತೆ. ಪಿಂಚಣಿ ಬಂದ ಮೇಲೆ ಆ ಗಾಳಿ ನೆನಪಿರುವವರು ಊರೂರಲ್ಲಿ ಹುಟ್ಟಿಕೊಂಡರು. 1901ರ ಗಣತಿಯಲ್ಲಿ 58 ಎಂದು ಬರೆಸಿದವರು 1911ರಲ್ಲಿ 72 ಎಂದು ಬರೆಸುವಂಥ ಪವಾಡಗಳನ್ನು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟವರು ಮತ್ತೆ ಮತ್ತೆ ಕಾಣುತ್ತಾರೆ. ಇದನ್ನು ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ. ಎಷ್ಟೋ ಜನಕ್ಕೆ ತಮ್ಮ ವಯಸ್ಸು ನಿಜಕ್ಕೂ ಗೊತ್ತಿರಲಿಲ್ಲ.

ಅನುಮಾನ ಬಂದ ಕಡೆ ಹಳೆಯ ಗಣತಿಯನ್ನು ತೆಗೆದು ನೋಡಬೇಕಾಯಿತು. ಅರ್ಜಿದಾರರು ತಮ್ಮ ಹೆಸರು, ತಂದೆಯ ಹೆಸರು, ತಾಯಿಯ ಹೆಸರು ಮತ್ತು ಅವಳ ತವರಿನ ಅಡ್ಡಹೆಸರು, 1841ರಲ್ಲೋ 1851ರಲ್ಲೋ ತಾವಿದ್ದ ಕೌಂಟಿ, ಪ್ಯಾರಿಷ್, ಟೌನ್‌ಲ್ಯಾಂಡ್ ಎಂಬ ನೆಲದ ತುಂಡು ಎಲ್ಲವನ್ನೂ ತಿಳಿಸಬೇಕಿತ್ತು. ದಾಖಲೆ ಕಚೇರಿಯ ಗುಮಾಸ್ತ ಆ ಊರಿನ ಗಣತಿ ಹಾಳೆ ತೆಗೆದು, ಆ ಮನೆಯನ್ನು ಹುಡುಕಿ, ಸಿಕ್ಕಿದ್ದನ್ನು ಆ ಹಸಿರು ಫಾರಂ ಮೇಲೆ ಬರೆಯುತ್ತಿದ್ದ. ಕೆಲವು ಗುಮಾಸ್ತರು ಒಂದು ಹೆಸರು, ಒಂದು ವಯಸ್ಸು ಗೀಚಿ ಕೈತೊಳೆದುಕೊಂಡಿದ್ದಾರೆ. ಕೆಲವು ಫಾರಂಗಳಲ್ಲಿ ಅಪ್ಪ, ಅಮ್ಮ, ಅವರ ಮದುವೆಯಾದ ವರ್ಷ, ಒಡಹುಟ್ಟಿದವರೆಲ್ಲರ ವಯಸ್ಸು ಸಾಲಾಗಿ ಇವೆ. ಮುಂದೆ ಮೂಲ ಹಾಳೆಗಳು ಸುಟ್ಟುಹೋದವು. ಪಿಂಚಣಿಗಾಗಿ ನಕಲು ಮಾಡಿಕೊಂಡ ಈ ಸಾಲುಗಳು ಉಳಿದವು. ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರ ಈಗ ಅವನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡುವಂತೆ ಇಟ್ಟಿದೆ. ಯಾವ ಕಡತಶಾಸ್ತ್ರಜ್ಞನೂ ಇವನ್ನು ಕಾಪಾಡಬೇಕೆಂದು ಯೋಜನೆ ಹಾಕಿರಲಿಲ್ಲ. ಬಡವರು ಅರ್ಜಿ ಹಾಕಿದರು, ಅಷ್ಟೇ.

ನಮ್ಮ ಹೆಳವರು ಎತ್ತಿನ ಮೇಲೆ ಬಂದು ಒಕ್ಕಲು ಮನೆಯ ವಂಶಾವಳಿಯನ್ನೂ ಹೇಳುತ್ತಿದ್ದರು. ಐರ್ಲೆಂಡಿನಲ್ಲಿ ಗೇಲಿಕ್ ಒಡೆಯರಿಗೆ ಮಾತ್ರ ಹಾಗೆ ವಂಶಾವಳಿ ಹೇಳುವ ಮನೆತನಗಳಿದ್ದವು. ಆಲೂಗಡ್ಡೆ ನಂಬಿ ಬದುಕಿದ ಗೇಣಿದಾರನ ಹೆಸರು ಉಳಿಯಬೇಕಾದರೆ ಪಾದ್ರಿಯೋ ತೆರಿಗೆಯವನೋ ಶಾಲೆಯ ಮೇಷ್ಟ್ರೋ ಬರೆದಿಟ್ಟಿರಬೇಕು.

ಪಾದ್ರಿಗಳ ಪುಸ್ತಕಗಳದ್ದು ಇನ್ನೊಂದು ವಿಚಿತ್ರ. ಸರ್ಕಾರದ ಆಸರೆಯಿದ್ದ ಪ್ರಾಟೆಸ್ಟಂಟ್ ಚರ್ಚ್ ಆಫ್ ಐರ್ಲೆಂಡ್‌ನ ಎಷ್ಟೋ ರಿಜಿಸ್ಟರುಗಳು ಭದ್ರವಾಗಿರಲೆಂದು ಡಬ್ಲಿನ್‌ಗೆ ಹೋಗಿ ಭಸ್ಮವಾದವು. ಕ್ಯಾಥೊಲಿಕ್ ಪಾದ್ರಿಗಳ ಮನೆಯ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದವು ಉಳಿದುಕೊಂಡವು. ಅವನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಮೈಕ್ರೋಫಿಲ್ಮ್ ಮಾಡಿಸಿ, 2015ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಸುಮಾರು 1880ರವರೆಗಿನವು ಸಿಗುತ್ತವೆ. ಹಲವು ಪುಸ್ತಕಗಳು ಲ್ಯಾಟಿನ್‌ನಲ್ಲಿವೆ. ಮನೆಯಲ್ಲಿ ಜೇಮ್ಸ್ ಆಗಿದ್ದವನು ಅಲ್ಲಿ ಜಾಕೋಬಸ್, ವಿಲಿಯಂ ಅಲ್ಲಿ ಗುಲಿಯೆಲ್ಮಸ್. ಅನುಭವಸ್ಥರು ಮಗುವಿನ ಹೆಸರಿಗಿಂತ ಹೆಚ್ಚಾಗಿ ದೀಕ್ಷಾಸ್ನಾನದ ಸಾಕ್ಷಿಗಳ ಹೆಸರನ್ನೇ ನೋಡುತ್ತಾರೆ, ಏಕೆಂದರೆ ಅವರು ಬಹುಪಾಲು ಚಿಕ್ಕಮ್ಮ, ಸೋದರಮಾವಂದಿರೇ ಆಗಿರುತ್ತಾರೆ. ಸಮಾಧಿ ಲೆಕ್ಕವನ್ನು ಮಾತ್ರ ಅನೇಕ ಕ್ಯಾಥೊಲಿಕ್ ಪಾದ್ರಿಗಳು ಬರೆಯಲೇ ಇಲ್ಲ. ಇನ್ನು ಪ್ರಾಟೆಸ್ಟಂಟ್ ಪುಸ್ತಕಗಳೂ ಪೂರ್ತಿ ಹೋಗಲಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಬರಾಕ್ ಒಬಾಮಾ ಅವರ ಪೂರ್ವಜ ಫಾಲ್ಮತ್ ಕಿಯರ್ನಿ, ಬೂಟು ಹೊಲಿಯುವವನ ಮಗ, 1850ರಲ್ಲಿ ಆಫಲಿ ಕೌಂಟಿಯ ಮನಿಗಾಲ್ ಬಿಟ್ಟು ಹೋದವನು. ಆ ಬೇರು ಸಿಕ್ಕಿದ್ದು ಬೆಂಕಿಗೆ ಸಿಗದೆ ಉಳಿದ ಅಲ್ಲಿನ ಪ್ರಾಟೆಸ್ಟಂಟ್ ಚರ್ಚಿನ ಪುಸ್ತಕಗಳಿಂದ. 2011ರ ಮೇ ತಿಂಗಳಲ್ಲಿ ಅಧ್ಯಕ್ಷರೇ ಆ ಪುಟ್ಟ ಊರಿಗೆ ಹೋಗಿ ಗಿನ್ನೆಸ್ ಕುಡಿದು ಬಂದರು.

ಇಷ್ಟಕ್ಕೂ ಟೌನ್‌ಲ್ಯಾಂಡ್ ಗೊತ್ತಿಲ್ಲದೆ ಕೆಲಸ ನಡೆಯುವುದಿಲ್ಲ. ಹಳ್ಳಿಗಿಂತ ಚಿಕ್ಕದಾದ ಈ ನೆಲದ ತುಂಡುಗಳು ಐರ್ಲೆಂಡಿನಲ್ಲಿ 60,000ಕ್ಕೂ ಹೆಚ್ಚಿವೆ. ವಲಸೆ ಹೋದವನ ಗೋರಿಕಲ್ಲಿನ ಮೇಲೆ ‘ಕಾರ್ಕ್ ಕೌಂಟಿ’ ಎಂದಷ್ಟೇ ಇದ್ದರೆ ಏನೂ ಉಪಯೋಗವಿಲ್ಲ. ಟೌನ್‌ಲ್ಯಾಂಡ್ ಸಿಕ್ಕಿತೋ, 1847ರಿಂದ 1864ರವರೆಗೆ ಪ್ರಕಟವಾದ ಗ್ರಿಫಿತ್ ಮೌಲ್ಯಮಾಪನವನ್ನು ತೆರೆಯಬಹುದು. ರಿಚರ್ಡ್ ಗ್ರಿಫಿತ್‌ನ ಜನ ದೇಶದ ಒಂದೊಂದು ಹಿಡುವಳಿಯನ್ನೂ ತೆರಿಗೆಗಾಗಿ ಅಳೆದು ಬೆಲೆ ಕಟ್ಟಿದ್ದರು. ಒಂದೇ ಊರಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಆವರಣದಲ್ಲಿ ಅಪ್ಪನ ಹೆಸರೋ ‘ಕೆಂಚ’ನೋ ‘ದರ್ಜಿ’ಯೋ ಎಂದು ಬರೆದಿದ್ದಾರೆ. ಆಮೇಲಿನ ಪರಿಷ್ಕರಣೆಯ ಪುಸ್ತಕಗಳಲ್ಲಿ ಗೇಣಿದಾರ ಬದಲಾದಾಗ ಹಳೆಯ ಹೆಸರು ಹೊಡೆದು ಬೇರೆ ಬಣ್ಣದ ಶಾಯಿಯಲ್ಲಿ ಹೊಸದನ್ನು ಬರೆದಿದ್ದಾರೆ. ಸಾಮಾನ್ಯವಾಗಿ ಅಪ್ಪ ತೀರಿಕೊಂಡು ಮಗನ ಹೆಸರಿಗೆ ಬಂದಿರುತ್ತದೆ. ಕ್ಷಾಮಕ್ಕೆ ಮುಂಚಿನ ದಶಮಾಂಶ ತೆರಿಗೆಯ ಪಟ್ಟಿಗಳನ್ನು (1823–37) ಪಕ್ಕಕ್ಕಿಟ್ಟುಕೊಂಡು ನೋಡಿದರೆ ಎದೆ ಭಾರವಾಗುತ್ತದೆ. 1845ರಲ್ಲಿ ಶುರುವಾದ ಆ ಆಲೂಗಡ್ಡೆ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಮೊದಲ ಪಟ್ಟಿಯಲ್ಲಿ ಹೆಸರುಗಳು ತುಂಬಿದ್ದ ಕೆಲವು ಕಡೆ ಗ್ರಿಫಿತ್‌ನ ಪುಟದಲ್ಲಿ ‘ದನಗಾಹಿಯ ಮನೆ, ಹುಲ್ಲುಗಾವಲು’ ಎಂದಷ್ಟೇ ಇದೆ.

ಈ ಹುಡುಕಾಟ ಬೆಂಗಳೂರಿಗೂ ಬರುವುದುಂಟು. ದಂಡು ಪ್ರದೇಶದಲ್ಲಿದ್ದ ಐರಿಷ್ ಸಿಪಾಯಿಗಳ ಮದುವೆ, ಮಕ್ಕಳ ನಾಮಕರಣ, ಸಾವುಗಳ ನಕಲುಗಳು ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚ್ ಲೆಕ್ಕದ ಜೊತೆ ಲಂಡನ್ನಿನ ಬ್ರಿಟಿಷ್ ಲೈಬ್ರರಿ ಸೇರಿವೆ.

ಐರ್ಲೆಂಡಿನ ಶಾಲೆಗಳ ಹಾಜರಿ ಪುಸ್ತಕಗಳಿಗೆ ಮಾತ್ರ ಯಾರೂ ಇಷ್ಟು ಆಸ್ಥೆ ತೋರಿಸಿಲ್ಲ. 1831ರಲ್ಲಿ ಶುರುವಾದ ನ್ಯಾಷನಲ್ ಸ್ಕೂಲುಗಳ ರಿಜಿಸ್ಟರಿನಲ್ಲಿ ಮಗುವಿನ ವಯಸ್ಸು, ಧರ್ಮ, ತಂದೆಯ ಕಸುಬು ಇರುತ್ತವೆ. ಶಾಲೆ ಬಿಟ್ಟ ಕಾರಣದ ಅಂಕಣದಲ್ಲಿ ಕೆಲವೊಮ್ಮೆ ‘ಅಮೆರಿಕಕ್ಕೆ’ ಎಂಬ ಒಂದೇ ಮಾತು ಇರುತ್ತದೆ. ಕೆಲವು ಪತ್ರಾಗಾರ ಸೇರಿವೆ, ಕೆಲವು ಇನ್ನೂ ಶಾಲೆಯ ಬೀರುವಿನಲ್ಲೇ ಇವೆ. ಊರಿನ ಶಾಲೆ ಮುಚ್ಚುವ ಮೊದಲೇ ಯಾರಾದರೂ ಅವನ್ನು ಎತ್ತಿಟ್ಟುಕೊಳ್ಳಬೇಕು.

ಹಸಿರು ಫಾರಂಗಳ ಬಗ್ಗೆ ಇನ್ನೊಂದು ಮಾತಿದೆ. ಅವುಗಳಲ್ಲಿ ಎಷ್ಟೋ ಫಾರಂಗಳ ಕೊನೆಯಲ್ಲಿ ಗುಮಾಸ್ತ ‘ಸಿಗಲಿಲ್ಲ’ ಎಂದು ಬರೆದು ಮುಗಿಸಿದ್ದಾನೆ. ಅರ್ಜಿ ಹಾಕಿದ ಮುದುಕಿ ಹೇಳಿದ ಟೌನ್‌ಲ್ಯಾಂಡ್ ತಪ್ಪಿರಬಹುದು, ಕುಟುಂಬ ಆ ವರ್ಷ ಬೇರೆಡೆ ಕೂಲಿಗೆ ಹೋಗಿರಬಹುದು. ಆದರೂ ಫಾರಂನ ಮೇಲ್ಭಾಗದಲ್ಲಿ ಅವಳ ಅಪ್ಪನ ಹೆಸರಿದೆ, ಅಮ್ಮನ ತವರಿನ ಹೆಸರಿದೆ. ಬೇರೆ ಯಾವ ಪುಸ್ತಕದಲ್ಲೂ ಇಲ್ಲದ ಆ ಎರಡು ಹೆಸರುಗಳನ್ನು ಅವಳ ಮರಿಮಕ್ಕಳು ಬಾಸ್ಟನ್‌ನಲ್ಲಿ ಕೂತು ಬರೆದುಕೊಳ್ಳುತ್ತಾರೆ. ಅವಳಿಗೆ ಆ ಐದು ಶಿಲಿಂಗ್ ಕೊಟ್ಟರೋ ಇಲ್ಲವೋ ಎಂಬುದಕ್ಕೆ ಆ ಫಾರಂನಲ್ಲಿ ಅಂಕಣವೇ ಇಲ್ಲ.