ಪದಕಗಳಿಗೊಂದು ಮರದ ಪೆಟ್ಟಿಗೆ

ಮನೆತನದ ಸೈನಿಕ ಪದಕಗಳಿಗೆ ಮರದ ಪೆಟ್ಟಿಗೆ ಮಾಡಿಸಹೊರಟವರು ಸಾಮಾನ್ಯವಾಗಿ ಮರದ ಬಣ್ಣ, ಮುಚ್ಚಳದ ಕೆತ್ತನೆ, ಒಳಗಿನ ಕೆಂಪು ಮಖಮಲ್ಲು ಇವುಗಳ ಯೋಚನೆಯಿಂದ ತೊಡಗುತ್ತಾರೆ. ವಸ್ತುಸಂಗ್ರಹಾಲಯಗಳ ಸಂರಕ್ಷಕರು ಮೊದಲು ಕೇಳುವುದು ಬೇರೆಯದನ್ನೇ: ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಗೆ ಮರ, ಅಂಟು ಮತ್ತು ಬಟ್ಟೆ ಯಾವ ಆವಿಗಳನ್ನು ಬಿಡುತ್ತವೆ ಎಂಬುದನ್ನು. ದಶಕಗಳ ಕಾಲ ಬೀರುವಿನ ಮೂಲೆಯಲ್ಲಿದ್ದರೂ ಕೆಡದ ಪದಕ, ಆದರದಿಂದ ಮಾಡಿಸಿದ ಹೊಸ ಪೆಟ್ಟಿಗೆಗೆ ಬಂದ ಕೆಲವೇ ವರ್ಷಗಳಲ್ಲಿ ಕಪ್ಪಾಗಬಲ್ಲದು.

ಇದಕ್ಕೆ ಕಾರಣ ತಿಳಿಯಬೇಕಾದರೆ ಪದಕಗಳು ಯಾವ ಲೋಹದವು ಎಂಬುದನ್ನು ನೋಡಬೇಕಾಗುತ್ತದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವದಳದೊಡನೆ ಹೈಫಾ ಪಟ್ಟಣವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ಪಡೆಯ ಸವಾರರೂ ಸೇರಿದಂತೆ, ಮೊದಲ ಮಹಾಯುದ್ಧದ ರಣರಂಗಗಳಲ್ಲಿ ಸೇವೆ ಸಲ್ಲಿಸಿದ ಭಾರತೀಯ ಸೈನಿಕರಿಗೆ ಸಾಮಾನ್ಯವಾಗಿ ದೊರೆತದ್ದು ಬ್ರಿಟಿಷ್ ವಾರ್ ಮೆಡಲ್ ಮತ್ತು ವಿಕ್ಟರಿ ಮೆಡಲ್ ಎಂಬ ಜೋಡಿ. ಮೊದಲನೆಯದು ಬೆಳ್ಳಿಯದು, ಎರಡನೆಯದು ಕಂಚಿನದು. ಕಾರ್ಮಿಕ ಪಡೆಗಳಲ್ಲಿ ದುಡಿದ ಹಲವರಿಗೆ ಮೊದಲನೆಯ ಪದಕವೂ ಕಂಚಿನಲ್ಲಿಯೇ ಬಂದಿತು. ಎರಡೂ ಪದಕಗಳ ಅಂಚಿನ ಸುತ್ತ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ಪಡೆ ಇವುಗಳನ್ನು ಸಣ್ಣ ಅಕ್ಷರಗಳಲ್ಲಿ ಒತ್ತಲಾಗಿದ್ದು, ಇತರ ದಾಖಲೆಗಳು ಕಳೆದುಹೋದ ಮನೆಗಳಲ್ಲಿ ಈ ಒಂದು ಸಾಲೇ ಇತಿಹಾಸದ ಏಕೈಕ ಆಧಾರವಾಗಿರುವುದುಂಟು. ಎರಡನೆಯ ಮಹಾಯುದ್ಧದ ವಾರ್ ಮೆಡಲ್ ತಾಮ್ರ ಮತ್ತು ನಿಕಲ್‌ಗಳ ಮಿಶ್ರಲೋಹದ್ದು. ಸ್ವತಂತ್ರ ಭಾರತದ ಪರಮವೀರ ಚಕ್ರ ಕಂಚಿನದು, ಮಹಾವೀರ ಚಕ್ರ ಮತ್ತು ವೀರ ಚಕ್ರ ಬೆಳ್ಳಿಯವು. ಹೀಗಾಗಿ ಎರಡು ಮೂರು ತಲೆಮಾರು ಸೇನೆಯಲ್ಲಿ ದುಡಿದ ಮನೆಯ ಪೆಟ್ಟಿಗೆಯಲ್ಲಿ, ಬೇರೆ ಬೇರೆ ಕಾರಣಗಳಿಂದ ಕೆಡುವ ಲೋಹಗಳು ಅಕ್ಕಪಕ್ಕದಲ್ಲಿ ಇರಬೇಕಾಗುತ್ತದೆ.

ಬೆಳ್ಳಿಯನ್ನು ಕಪ್ಪಾಗಿಸುವುದು ಗಂಧಕದ ಆವಿ. ಉಣ್ಣೆಯ ನಾರಿನಲ್ಲಿ ಗಂಧಕ ಸಹಜವಾಗಿಯೇ ಇರುವುದರಿಂದ, ಬಿಲಿಯರ್ಡ್ಸ್ ಮೇಜಿನ ಮೇಲೆ ಶೋಭಿಸುವ ಉಣ್ಣೆಯ ದಪ್ಪ ಬಟ್ಟೆ ಪದಕದ ಪೆಟ್ಟಿಗೆಗೆ ಒದಗದು. ರಬ್ಬರಿನ ಹಾಳೆಯನ್ನೂ ರಬ್ಬರಿನ ಅಂಟನ್ನೂ ಇದೇ ಕಾರಣಕ್ಕೆ ದೂರವಿಡಬೇಕು. ತಾಮ್ರದ ಮಿಶ್ರಲೋಹಗಳು ಮರದಿಂದ ಹೊರಡುವ ಅಸೆಟಿಕ್ ಆಮ್ಲ, ಅಂದರೆ ವಿನಿಗರ್‌ಗೆ ಹುಳಿ ಕೊಡುವ ಆಮ್ಲದ ಆವಿಗೆ ಒಡ್ಡಿಕೊಂಡಾಗ, ಅದರಲ್ಲೂ ತೇವವಿದ್ದಾಗ, ಹಸಿರು ಕಿಲುಬನ್ನು ತಳೆಯುತ್ತವೆ. ಬರಿಗೈಯಲ್ಲಿ ಮುಟ್ಟಿದಾಗ ಅಂಟುವ ಬೆವರಿನ ಉಪ್ಪು ಈ ಕೆಲಸವನ್ನು ಚುರುಕುಗೊಳಿಸುತ್ತದೆ. 1970ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ ರೂಪಿಸಿದ, ಇಂದಿಗೂ ಅವರ ಹೆಸರಿನಿಂದಲೇ ಕರೆಯಲಾಗುವ ಪರೀಕ್ಷೆಯಲ್ಲಿ ಬೆಳ್ಳಿ, ತಾಮ್ರ ಮತ್ತು ಸೀಸದ ತುಣುಕುಗಳನ್ನು ಶಂಕಿತ ಬಟ್ಟೆ ಅಥವಾ ಮರದ ಚೂರಿನೊಡನೆ ತೇವವಿರುವ ಗಾಜಿನ ಪಾತ್ರೆಯಲ್ಲಿ ಮುಚ್ಚಿ, 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 28 ದಿನ ಇಟ್ಟು, ಲೋಹ ಬಣ್ಣಗೆಡುವುದೇ ಎಂದು ನೋಡುತ್ತಾರೆ. ಮನೆಯಲ್ಲಿ ಅಷ್ಟು ಕಟ್ಟುನಿಟ್ಟು ಸಾಧ್ಯವಿಲ್ಲದಿದ್ದರೂ, ಉಜ್ಜಿ ಹೊಳಪಿಸಿದ ತಾಮ್ರದ ತಂತಿಯೊಂದನ್ನು ಬಟ್ಟೆಯ ತುಂಡಿನೊಡನೆ ಬಾಟಲಿಯಲ್ಲಿ ಮುಚ್ಚಿ ಕೆಲವು ವಾರ ಕಾಯುವುದು ವ್ಯರ್ಥವಲ್ಲ.

ಮರಗಳ ಪೈಕಿ ಯೂರೋಪಿನ ಓಕ್ ಈ ವಿಷಯದಲ್ಲಿ ಕುಖ್ಯಾತ. ಮಹಾಗನಿ ತಕ್ಕಮಟ್ಟಿಗೆ ಸೌಮ್ಯ. ಆಮ್ಲವನ್ನು ಸ್ವಲ್ಪವೂ ಬಿಡದ ಮರವೆಂಬುದಿಲ್ಲ. ಪ್ಲೈವುಡ್ ಮತ್ತು ಎಂ.ಡಿ.ಎಫ್. ಹಲಗೆಗಳಲ್ಲಿ ಬಳಸುವ ಫಾರ್ಮಾಲ್ಡಿಹೈಡ್ ಅಂಟು ಮತ್ತೊಂದು ಆಮ್ಲಕ್ಕೆ ದಾರಿಮಾಡುವುದರಿಂದ ಅಗ್ಗದ ಈ ಆಯ್ಕೆ ಇಲ್ಲಿ ಸಲ್ಲದು. ಕರ್ನಾಟಕದಲ್ಲಿ ಸುಲಭವಾಗಿ ದೊರೆಯುವ, ಹವೆಗೆ ತಕ್ಕಂತೆ ಕಡಿಮೆ ಹಿಗ್ಗಿ ಕುಗ್ಗುವ ಹಳೆಯ ತೇಗ, ಅಂದರೆ ಕಳಚಿದ ಮನೆಯ ಬಾಗಿಲು ಕಿಟಕಿಗಳಿಂದ ಬಂದ ಚೆನ್ನಾಗಿ ಒಣಗಿದ ಮರ, ಹೆಚ್ಚಿನವರಿಗೆ ಸಾಕು. ಬೀಟೆಯ ಸೊಬಗನ್ನು ಅಲ್ಲಗಳೆಯಲಾಗದಾದರೂ, ಪದಕವನ್ನು ಮೀರಿ ತಾನೇ ಕಣ್ಸೆಳೆಯುವ ಮರ ಈ ಕೆಲಸಕ್ಕೆ ಹಿಡಿಸುವುದಿಲ್ಲ.

ಅಳತೆ ಪದಕದಿಂದ ಹುಟ್ಟಬೇಕೇ ಹೊರತು ಕೈಗೆ ಸಿಕ್ಕ ಹಲಗೆಯಿಂದಲ್ಲ. ಬ್ರಿಟಿಷ್ ಕಾಲದ ದುಂಡನೆಯ ಪದಕಗಳ ವ್ಯಾಸ ಸಾಮಾನ್ಯವಾಗಿ 36 ಮಿ.ಮೀ., ರಿಬ್ಬನ್ನಿನ ಅಗಲ 32 ಮಿ.ಮೀ. ನಾಲ್ಕು ಪದಕಗಳ ನಡುವೆಯೂ ಎರಡು ಬದಿಗಳಲ್ಲಿಯೂ 12 ಮಿ.ಮೀ. ಬಿಟ್ಟರೆ ಒಳಗಿನ ಉದ್ದ 204 ಮಿ.ಮೀ. ಆಗುತ್ತದೆ. ಮೂಲೆಗಳಿಗೆ ಮೊಳೆ ಹೊಡೆಯುವ ಬದಲು, ಒಂದು ಹಲಗೆಯ ಕೊನೆಯಲ್ಲಿ ತುದಿಯತ್ತ ಅಗಲವಾಗುವ ಹಲ್ಲುಗಳನ್ನು ಕೊಯ್ದು ಇನ್ನೊಂದು ಹಲಗೆಯ ಕಚ್ಚುಗಳಲ್ಲಿ ಕೂರಿಸುವ ಡವ್‌ಟೇಲ್ ಕೂಡಿಕೆಯನ್ನು ಬಡಗಿಯಿಂದ ಮಾಡಿಸಿದರೆ, ಅಂಟು ಸೋತರೂ ಮೂಲೆ ಬಿಚ್ಚಿಕೊಳ್ಳುವುದಿಲ್ಲ. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಚ್ಚುವ ಮುನ್ನ ಕೂಡುವ ಭಾಗಗಳನ್ನು ಥಿನ್ನರಿನಲ್ಲಿ ಒರೆಸಬೇಕು. ಮರವು ಉದ್ದಕ್ಕಿಂತ ಅಗಲದ ದಿಕ್ಕಿನಲ್ಲಿ ಬಹಳ ಹೆಚ್ಚು ಹಿಗ್ಗುವುದರಿಂದ ತಳದ ಹಲಗೆಯನ್ನು ಅಂಟಿಸದೆ, ಸುತ್ತಲಿನ ಗಾಡಿಯಲ್ಲಿ, ಅಂದರೆ ಹಲಗೆಯ ಒಳಮೈಯಲ್ಲಿ ಕೊರೆದ ತೋಡಿನಲ್ಲಿ, ಸಡಿಲವಾಗಿ ಕೂರಿಸಬೇಕು. ಇಲ್ಲವಾದರೆ ಕೊಡಗಿನಂಥ ಕಡೆ ಒಂದೇ ಮಳೆಗಾಲ ಅದನ್ನು ಬಿರುಕುಬಿಡಿಸಲು ಸಾಕು. ಆರೂ ಬದಿ ಮುಚ್ಚಿದ ಪೆಟ್ಟಿಗೆಯನ್ನು ಮೊದಲು ಕಟ್ಟಿ, ಆಮೇಲೆ ಗರಗಸದಿಂದ ಮುಚ್ಚಳವನ್ನು ಬೇರ್ಪಡಿಸುವುದು ಕುಶಲಕರ್ಮಿಗಳ ಹಳೆಯ ಜಾಣತನ. ಹಾಗೆ ಮಾಡಿದಾಗ ಮರದ ಗೆರೆಗಳು ಮುಚ್ಚಳದಿಂದ ಪೆಟ್ಟಿಗೆಗೆ ಮುರಿಯದೆ ಹರಿಯುತ್ತವೆ. ಹೊರಮೈಗೆ ಅರಗಿನ ಫ್ರೆಂಚ್ ಪಾಲಿಷ್ ಸಾಕು. ಪಾಲಿಷ್ ಆದ ಪೆಟ್ಟಿಗೆಯನ್ನು ಕೆಲವು ವಾರ ತೆರೆದೇ ಇಟ್ಟು ವಾಸನೆ ಹೋಗಗೊಡಬೇಕು.

ಒಳಗೆ ಮರಕ್ಕೂ ಪದಕಕ್ಕೂ ನಡುವೆ ತಡೆ ಬೇಕು. ತೆಳುವಾದ ಅಲ್ಯೂಮಿನಿಯಂ ಹಾಳೆಯನ್ನು ಹಾಸಿ, ಅದರ ಮೇಲೆ ಗಂಜಿ ತೆಗೆಯಲು ತೊಳೆದು ಒಣಗಿಸಿದ ಬಣ್ಣವಿಲ್ಲದ ಹತ್ತಿಯ ಬಟ್ಟೆಯನ್ನು ಅಂಟಿಲ್ಲದೆ ಹೊಲಿದು ಕೂರಿಸುವುದು ಮನೆಯಲ್ಲಿ ಮಾಡಬಹುದಾದ ಉಪಾಯ, ಏಕೆಂದರೆ ಬಡಗಿಗಳು ಬಳಸುವ ಬಿಳಿ ಅಂಟು ಕೂಡ ಅಸೆಟಿಕ್ ಆಮ್ಲವನ್ನು ಬಿಡುತ್ತದೆ. ಕಬ್ಬಿಣದ ಪಿನ್ನು ತುಕ್ಕು ಹಿಡಿದು ರಿಬ್ಬನ್ನಿಗೆ ಕಲೆ ಮಾಡುವುದರಿಂದ ರಿಬ್ಬನ್ನನ್ನು ಹತ್ತಿಯ ದಾರದಿಂದ, ಮುಂದೆ ಬಿಚ್ಚಲು ಬರುವಂತೆ ಸಡಿಲವಾಗಿ ಹೊಲಿಯಬೇಕು. ಎದೆಯ ಮೇಲೆ ಧರಿಸಿದಾಗ ಅತ್ಯುನ್ನತ ಪದಕ ಎದೆಯ ನಡುವಿನ ಕಡೆಗೆ ಇರುವುದರಿಂದ, ಪೆಟ್ಟಿಗೆಯಲ್ಲಿ ಅದು ನೋಡುವವರ ಎಡತುದಿಗೆ ಬರುತ್ತದೆ. ಬೆಳಕು ರಿಬ್ಬನ್ನಿನ ಬಣ್ಣವನ್ನು ತಿಂದುಹಾಕುತ್ತದೆಯಾದ್ದರಿಂದ ಗೋಡೆಗೆ ನೇತುಹಾಕುವ ಗಾಜಿನ ಮುಚ್ಚಳಕ್ಕಿಂತ ಮರದ ಮುಚ್ಚಳವೇ ಲೇಸು.

ಪೆಟ್ಟಿಗೆ ಸಿದ್ಧವಾದ ಸಂಭ್ರಮದಲ್ಲಿ ಪದಕಗಳನ್ನು ಹಿತ್ತಾಳೆ ಪಾಲಿಷಿನಿಂದ ತಿಕ್ಕಿ ಥಳಥಳಿಸುವಂತೆ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಪ್ರತಿ ತಿಕ್ಕೂ ಲೋಹದ ತೆಳು ಪದರವೊಂದನ್ನು ಒಯ್ಯುವುದರಿಂದ, ಅಂಚಿನ ಹೆಸರೂ ಸಂಖ್ಯೆಯೂ ಸವೆದು ಹೋಗುತ್ತವೆ. ಕಳೆದುಹೋದ ಪದಕದ ಜಾಗಕ್ಕೆ ನಕಲು ತಂದು ಕೂರಿಸುವುದಾದರೆ, ಅದು ನಕಲೆಂಬ ಮಾತನ್ನು ಪೆಟ್ಟಿಗೆಯೊಡನೆ ಇಡುವ ವಿವರಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಆ ಪಟ್ಟಿಯ ಕಾಗದವೂ ಪದಕಗಳ ನಡುವೆ ಇರದೆ ಬೇರೆ ಲಕೋಟೆಯಲ್ಲಿ ಇರತಕ್ಕದ್ದು.